ಮೂರು ಕಾಲಿನ ಫೌಜದಾರ

ನಮ್ಮ ದೊಡ್ಡವ್ವನಿಗೆ ನಾಯಿ ಕಂಡರೆ ಆಗುತ್ತಿರಲಿಲ್ಲ. ಆಕೆಯೇ ದಿನಕ್ಕೆ ನಾಲ್ಕು ಸಲ ಹಾಗೆಂದು ಹೇಳುತ್ತಿದ್ದಳು. ಹೇಳುವಾಗ ಎಮ್ಮೆಕರುವಿನಷ್ಟು ದೊಡ್ಡ ನಾಯಿಯೊಂದು ಆಕೆಯ ತೊಡೆಯ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿರುತ್ತಿತ್ತು. ಕಾಲಿಗೆ ಜೋಮು ಹಿಡಿದು, "ಯಾರರ ಬಂದು ಇದನ್ನ ಸರಸ್ರಿ" ಎಂದು ಕೂಗುತ್ತಿದ್ದಳು. ಯಾರಾದರೂ ಸರಿಸಲು ಬಂದರೆ, "ನಿದ್ದಿಗಣ್ಣಾಗ ಎಬ್ಬಿಸಬ್ಯಾಡ್ರಿ, ತಲಿ ನೋಯ್ತೈತಿ ಅದಕ" ಎಂದು ಅವರನ್ನೇ ಸರಿಸುತ್ತಿದ್ದಳು. ಇಂಥವಳ ಮನೆಯಲ್ಲಿ ನಾನು ಎರಡು ವರ್ಷ ಉಂಡು, ಉಪವಾಸವೂ ಇದ್ದು, ಬದುಕಿ ಬಂದಿದ್ದೇನೆ. ಉಪವಾಸದ ಮಾತು ಆಮೇಲೆ ಹೇಳುತ್ತೇನೆ.

ದೊಡ್ಡವ್ವನೆಂದರೆ ನಮ್ಮವ್ವನ ಅಕ್ಕ. ಶಿಗ್ಗಾಂವಿಯ ಪೇಟೆ ಓಣಿಯಲ್ಲಿ ಆಕೆಯ ಮನೆ. ಮುಂದೆ ಜೋಳ, ಶೇಂಗಾ ತುಂಬಿದ ಅಂಗಡಿ, ಹಿಂದೆ ಹಿತ್ತಲು, ಎರಡರ ನಡುವೆ ಆಕೆಯ ಧ್ವನಿ. ಎರಡನೆಯ ಮಹಾಯುದ್ಧ ಶುರುವಾಗಲು ಇನ್ನೂ ಒಂದೆರಡು ವರ್ಷವಿತ್ತು. ಹಂಸಭಾವಿಯ ಕಡೆಯವನಾದ ನನಗೆ ಶಿಗ್ಗಾಂವಿಯ ಕನ್ನಡ ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು. ತಗಡಿನ ಟ್ರಂಕು, ಹಾಸಿಗೆ ಸುರುಳಿ ಹೊತ್ತುಕೊಂಡು ಆಕೆಯ ಬಾಗಿಲಲ್ಲಿ ನಿಂತಾಗ ದೊಡ್ಡವ್ವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಾಸ್ತರ ಆಗಿಯಂತ. ಹುಡುಗರ ಹಣೇಬರ" ಎಂದು ಒಳಗೆ ಕರೆದಳು. ಅದು ಆಕೆಯ ಬಾಯಿಂದ ಬಂದ ಅತಿ ದೊಡ್ಡ ಆಶೀರ್ವಾದವೆಂದು ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಒಳ್ಳೆಯ ಮಳೆ ಬಿದ್ದರೆ "ಇಷ್ಟ್ಯಾಕ ಬೀಳಾಕತ್ತೇತಿ", ಒಳ್ಳೆಯ ಬೆಳೆ ಬಂದರೆ "ಇದನ್ನೆಲ್ಲಾ ಎಲ್ಲಿ ಇಡೂದು" ಎನ್ನುವ ಹೆಂಗಸು ಆಕೆ.

ನಾಯಿ ಆಕೆಯ ಪಾಲಿಗೆ ಬಂದದ್ದೂ ಹೀಗೇ. ಕುರಿ ಹೊಡೆದುಕೊಂಡು ಹೊರಟಿದ್ದ ಕುರುಬರು ನಡೆಯಲಾರದ ಮರಿಯೊಂದನ್ನು ಆಕೆಯ ಕಟ್ಟೆಯ ಮೇಲೆ ಇಳಿಸಿ, "ಬರೂ ವರ್ಷ ತಿರುಗಿ ಬಂದಾಗ ಒಯ್ತೇವ್ರಿ ಅವ್ವಾರ" ಎಂದು ಕೈಮುಗಿದು ಹೋದರು. ಮಾತಿಗೆ ತಪ್ಪದೆ ಮರುವರ್ಷ ಬಂದರು. ದೊಡ್ಡವ್ವ ನಾಯಿಯ ಮುಂದೆ ಅಡ್ಡ ನಿಂತು, "ಇನ್ನೂ ಬುದ್ಧಿ ಬಂದಿಲ್ಲ ಇದಕ. ಇಂಥಾದ್ದನ್ನ ಕೊಟ್ಟು ನಿಮ್ಮ ಕಡಿಂದ ಮಾತು ಕೇಳ್ಲೇನು? ಮುಂದಿನ ವರ್ಷ ಬರ್ರಿ" ಎಂದಳು. ಮುಂದಿನ ವರ್ಷವೂ ಅದಕ್ಕೆ ಬುದ್ಧಿ ಬಂದಿರಲಿಲ್ಲ. ನಾಲ್ಕನೆಯ ವರ್ಷ ಕುರುಬರು ಕೇಳುವುದನ್ನೇ ಬಿಟ್ಟು, ಮಜ್ಜಿಗೆ ಕುಡಿದು, ನಾಯಿಯ ಬೆನ್ನು ತಟ್ಟಿ ಹೋದರು.

ಹೆಸರು ಫೌಜದಾರ. ಮರಿಯಿದ್ದಾಗಲೇ ಹೊಸ್ತಿಲ ಮೇಲೆ ಕುಳಿತು, ಹೋಗಿ ಬರುವವರನ್ನೆಲ್ಲ 'ನಿಂದು ಯಾವೂರು, ಇಲ್ಲೇನು ಕೆಲಸ' ಎಂಬಂತೆ ದಿಟ್ಟಿಸುತ್ತಿತ್ತಂತೆ. ನಮ್ಮ ಕಡೆ ಪೊಲೀಸ್ ಠಾಣೆಯ ದೊಡ್ಡ ಸಾಹೇಬರಿಗೆ ಫೌಜದಾರರೆಂದು ಹೆಸರು. ದೊಡ್ಡವ್ವನಿಗೆ ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

ಈ ನಾಯಿಗೆ ಇದ್ದದ್ದು ಒಂದೇ ಚಟ. ಪುಣೆ ರಸ್ತೆಯಲ್ಲಿ ಆಗ ದಿನಕ್ಕೆ ಎರಡೋ ಮೂರೋ ಮೋಟಾರು ಓಡಾಡುತ್ತಿದ್ದವು. ಅವುಗಳ ಸದ್ದು ಕೇಳಿದರೆ ಸಾಕು, ಫೌಜದಾರ ಊಟ ಬಿಟ್ಟು ಎದ್ದು, ಊರಿನ ಗಡಿಯವರೆಗೆ ಬೆನ್ನಟ್ಟಿ, ಧೂಳು ಕುಡಿದು, ದೊಡ್ಡ ಕೆಲಸ ಮುಗಿಸಿದವನ ಗತ್ತಿನಲ್ಲಿ ಹಿಂದಿರುಗುತ್ತಿದ್ದ. ಐದು ವರ್ಷ ಹೀಗೆ ಬೆನ್ನಟ್ಟಿದ. ನಾನು ಬಂದ ಮೊದಲ ವರ್ಷದ ಹೋಳಿ ಹುಣ್ಣಿಮೆ ಮುಗಿದು ನಾಲ್ಕು ದಿನವಾಗಿತ್ತು, ಎದುರಿಗೆ ಚಕ್ಕಡಿ ಬಂತೆಂದು ಮೋಟಾರು ಒಮ್ಮೆಲೆ ನಿಂತಿತು. ಆ ದಿನ ಫೌಜದಾರ ಮೋಟಾರನ್ನು ಹಿಡಿದ.

ಡ್ರೈವರನ ತಪ್ಪೇನೂ ಇರಲಿಲ್ಲ. ಅವನೇ ಅಳುತ್ತ ನಾಯಿಯನ್ನು ತನ್ನ ಕಂಬಳಿಯಲ್ಲಿ ಹೊತ್ತು ತಂದ. ಬಲಗಡೆಯ ಮುಂಗಾಲು ಮೊಣಕಾಲಿನಿಂದ ಕೆಳಗೆ ನೋಡುವಂತಿರಲಿಲ್ಲ. ದೊಡ್ಡವ್ವ ಆ ಕ್ಷಣವೇ ಚಕ್ಕಡಿ ಕಟ್ಟಿಸಿದಳು. ಸವಣೂರಿನಲ್ಲಿ ಕುದುರೆ ನೋಡುವ ಡಾಕ್ಟರರೊಬ್ಬರು ಇದ್ದರು. ದಂಡಿನ ರಿಸಾಲೆಯ ಕುದುರೆಗಳಿಗೆ ಔಷಧ ಮಾಡಿ ಮುದುಕರಾಗಿದ್ದರು, ಗಡ್ಡಕ್ಕೆ ಮೆಹಂದಿ ಹಚ್ಚುತ್ತಿದ್ದರು. ಅಲ್ಲಿಗೆ ಹೊರಟೆವು. ಹುಲ್ಲಿನ ಮೇಲೆ ಫೌಜದಾರ, ಅವನ ತಲೆ ಹಿಡಿದು ನಾನು, ಮುಂದೆ ನಮಗೆ ಬೆನ್ನು ಮಾಡಿ ದೊಡ್ಡವ್ವ. ಆಕೆ ದಾರಿಯುದ್ದಕ್ಕೂ ಎತ್ತುಗಳ ಮುಂದೆ ನಾಯಿಯನ್ನು ಬೈದಳು. "ಮೋಟಾರ ಹಿಡದು ಏನು ಮಾಡಾಂವ ಇದ್ನಂತ ಕೇಳ್ರಿ ಅವನ್ನ. ನಡಸಾಕ ಬರತಿತ್ತೇನು ಅವಂಗ?" ಎತ್ತುಗಳು ತಲೆ ಅಲ್ಲಾಡಿಸಿದವು.

ಡಾಕ್ಟರರು ಕಾಲನ್ನು ಮುಟ್ಟಿ ನೋಡಿ ಕೈತೊಳೆದುಕೊಂಡರು.

"ಅಮ್ಮಾರ, ಕಾಲು ಉಳಿಸಾಕ ಹ್ವಾದ್ರ ನಾಯಿ ಹೋಗ್ತೈತಿ. ನಾಯಿ ಬೇಕಂದ್ರ ಕಾಲು ಬಿಡಬೇಕು."

"ಮೂರು ಕಾಲಿನ ನಾಯಿಗೆ ಏನಂತಾರ್ರಿ?" ಎಂದಳು ದೊಡ್ಡವ್ವ.

"ನಾಯಿ ಅಂತನ ಅಂತಾರ್ರಿ."

"ಹಂಗಾರ ತಗೀರಿ" ಎಂದಳು ಆಕೆ.

ಒಳಗೆ ಕೆಲಸ ನಡೆದಷ್ಟು ಹೊತ್ತು ಬೇವಿನ ಮರದ ಕೆಳಗೆ ಕುಳಿತು ಸವಣೂರಿನ ಎಲೆಗಳಿಗೆ ಸುಣ್ಣ ಹಚ್ಚಿದಳು. ಹಚ್ಚುವುದು, ಅಡಿಕೆ ಇಡುವುದು, ಮಡಿಚುವುದು, ಪಕ್ಕಕ್ಕೆ ಇಡುವುದು. ತಾನೂ ಹಾಕಿಕೊಳ್ಳಲಿಲ್ಲ, ನನಗೂ ಕೊಡಲಿಲ್ಲ. ಡಾಕ್ಟರರು ಹೊರಗೆ ಬರುವಷ್ಟರಲ್ಲಿ ಒಂದು ಮದುವೆಮನೆಗೆ ಸಾಕಾಗುವಷ್ಟು ಎಲೆ ಸಿದ್ಧವಾಗಿತ್ತು. "ಉಳದಾನ್ರಿ" ಎಂದರು ಡಾಕ್ಟರರು. ಅಷ್ಟೂ ಎಲೆಯನ್ನು ಅವರ ಉಡಿಗೆ ಸುರಿದಳು.

ನಾಲ್ಕು ದಿನ ಅಲ್ಲೇ ಇದ್ದು ಹೊರಡುವಾಗ ಡಾಕ್ಟರರು ಹೇಳಿ ಕಳಿಸಿದರು. "ನಾಲ್ಕು ಕಾಲು ಹೊರೂ ವಜ್ಜಿ ಇನ್ನ ಮೂರು ಕಾಲು ಹೊರಬೇಕು, ಮೈ ಇಳಸ್ರಿ. ಜಾರೂ ನೆಲದ ಮ್ಯಾಲ ಬಿಡಬ್ಯಾಡ್ರಿ. ಇಷ್ಟು ಮಾಡ್ರಿ ಸಾಕು. ನಾಯಿಗೆ ಲಗೂನ ರೂಢಿ ಆಗ್ತೈತಿ. ಮನಿ ಮಂದಿಗೆ ಆಗೂದ ತಡಾ."

ನಾವು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಸವಣೂರಿನಿಂದ ಬಂದ ಯಾರೋ ಪೇಟೆಯಲ್ಲಿ, "ಫೌಜದಾರನ ಕಾಲು ತಗದ್ರಂತ" ಎಂದಿದ್ದರು. ಅವರು ಹೇಳಿದ್ದರಲ್ಲಿ ಸುಳ್ಳೇನಿದೆ? ಆದರೆ ಠಾಣೆಯ ಫೌಜದಾರರು ಆ ವಾರ ಹಾನಗಲ್ಲಿನ ಕಡೆ ತಿರುಗಾಟಕ್ಕೆ ಹೋಗಿದ್ದರು. ಕೆಲವರು ನಿಂಬೆಹಣ್ಣು ಹಿಡಿದು ಅವರ ಹೆಂಡತಿಯನ್ನು ಸಮಾಧಾನ ಮಾಡಲು ಓಡಿದರು. ಇನ್ನು ಕೆಲವರು ಮನೆಯಲ್ಲೇ ಬಾಗಿಲು ಹಾಕಿಕೊಂಡು ಸಕ್ಕರೆ ಹಂಚಿದರಂತೆ. ಸಾಹೇಬರು ಎರಡೂ ಕಾಲಿನ ಮೇಲೆ ನಡೆದುಕೊಂಡು ಊರಿಗೆ ಬಂದಾಗ ನಿಂಬೆಹಣ್ಣಿನವರಿಗೂ ಸಕ್ಕರೆಯವರಿಗೂ ಒಂದೇ ಸಮನೆ ಗಾಬರಿಯಾಯಿತು.

ಅವರು ನೇರವಾಗಿ ನಮ್ಮ ಮನೆಗೇ ಬಂದರು.

"ಇಲ್ಲಿ ಫೌಜದಾರ ಅಂದ್ರ ಯಾರ್ರಿ?"

"ಒಳಗ ಮಲಗ್ಯಾನ್ರಿ. ಸಣ್ಣಗ ಮಾತಾಡ್ರಿ" ಎಂದಳು ದೊಡ್ಡವ್ವ.

ಸಾಹೇಬರು ಬಗ್ಗಿ ನೋಡಿದರು. ಫೌಜದಾರ ಒಂದು ಕಣ್ಣು ತೆರೆದು ಇವರನ್ನು ನೋಡಿದ. "ಈ ಹೆಸರು ಬದಲು ಮಾಡಬೇಕ್ರಿ" ಎಂದರು ಸಾಹೇಬರು.

"ಅವಂಗ ಇದನ್ನ ಬಿಟ್ಟು ಬ್ಯಾರೆ ಹೆಸರು ತಿಳಿಯೂದಿಲ್ರಿ. ನಿಮಗೇನ್ರಿ, ಎಲ್ಲಾರೂ ಸಾಹೇಬ್ರ ಅಂತಾರ. ಕಾಲು ಕಳಕೊಂಡಾಂವ ಹೆಸರೂ ಕಳಕೋಬೇಕೇನು?"

ಇದಕ್ಕೆ ಯಾವ ಕಾನೂನಿನಲ್ಲೂ ಉತ್ತರವಿರಲಿಲ್ಲ. ಸಾಹೇಬರು ಟೋಪಿ ತೆಗೆದು ತಲೆ ಕೆರೆದುಕೊಂಡು, ಹೋಗುವಾಗ ದನಿ ಇಳಿಸಿ, "ಸಕ್ರಿ ಹಂಚಿದವ್ರು ಯಾರಂತ ಗೊತ್ತೇನ್ರಿ?" ಎಂದು ಕೇಳಿದರು.

"ನಮ್ಮನಿಗಂತೂ ಯಾರೂ ತಂದು ಕೊಡಲಿಲ್ರಿ" ಎಂದಳು ದೊಡ್ಡವ್ವ, ತುಸು ಬೇಸರದಿಂದಲೇ.

ಮರುದಿನದಿಂದ ಮನೆಯಲ್ಲಿ ಹೊಸ ಸರಕಾರ ಶುರುವಾಯಿತು. ಮೊದಲನೆಯ ಕಾಯಿದೆ: ಯಾರೂ 'ಪಾಪ' ಎನ್ನಕೂಡದು. ಪಕ್ಕದ ಮನೆಯ ಗೌರವ್ವ ಹಾಲು ತೆಗೆದುಕೊಂಡು ನೋಡಲು ಬಂದು, ಹೊಸ್ತಿಲಲ್ಲೇ "ಅಯ್ಯ ಪಾಪ" ಎಂದಳು. ದೊಡ್ಡವ್ವ ಹಾಲು ಒಳಗೆ ಇಟ್ಟುಕೊಂಡು ಗೌರವ್ವನನ್ನು ಹೊರಗೆ ಕಳಿಸಿದಳು. ನಾನು ಸಂಜೆ ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅದರಲ್ಲಿ 'ಪಾಪ ಪುಣ್ಯ' ಎಂದು ಬಂದಿತು. ಅಡುಗೆಮನೆಯಿಂದ ಕೂಗು ಬಂತು: "ಮಾಸ್ತರ, ಪುಣ್ಯ ಅಷ್ಟ ಓದು."

ಎರಡನೆಯದು ನೆಲದ್ದು. ನಮ್ಮ ಪಡಸಾಲೆಯ ಹಾಸುಗಲ್ಲು ತಿಕ್ಕಿ ತಿಕ್ಕಿ ಕನ್ನಡಿಯಾಗಿತ್ತು. ಫೌಜದಾರ ಮೊದಲ ದಿನ ಅದರ ಮೇಲೆ ಎದ್ದು ನಿಲ್ಲಲು ನೋಡಿ, ಉಳಿದ ಒಂದೇ ಮುಂಗಾಲು ಜಾರಿ, ಗದ್ದ ನೆಲಕ್ಕೆ ಬಡಿಸಿಕೊಂಡ. ಆಮೇಲೆ ಅವನು ಏಳುವ ಗೋಜಿಗೇ ಹೋಗಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ. ದೊಡ್ಡವ್ವ ಅಂಗಡಿಯ ಖಾಲಿ ಗೋಣಿಚೀಲಗಳನ್ನೆಲ್ಲ ತರಿಸಿ, ಬಾಗಿಲಿನಿಂದ ಹಿತ್ತಲಿನವರೆಗೆ ಹಾಸಿ, ಅಂಚಿಗೆ ಅಂಚು ಹೊಲಿಸಿದಳು. ನಾಯಿ ಜಾರುವುದು ನಿಂತಿತು, ಮನುಷ್ಯರು ಎಡವುವುದು ಶುರುವಾಯಿತು. ಜೋಳ ಕೊಳ್ಳಲು ಬಂದ ಹಿರಿಯರೊಬ್ಬರು ಬಾಗಿಲಲ್ಲಿ ಎಡವಿ ದೊಡ್ಡವ್ವನ ಪಾದದ ಮೇಲೆಯೇ ಬಿದ್ದರು. ಆಕೆ "ಒಳ್ಳೇದಾಗ್ಲಿ" ಎಂದು ತೂಕ ಮಾಡತೊಡಗಿದಳು.

ಇನ್ನು ಮೈ ಇಳಿಸುವ ಮಾತು. ಫೌಜದಾರನಿಗೆ ಅರ್ಧ ರೊಟ್ಟಿ, ನೀರು ಮಜ್ಜಿಗೆ ಎಂದು ಗೊತ್ತಾಯಿತು. ಆದರೆ ನಾವು ಉಣ್ಣುವಾಗ ಅವನು ಮಲಗಿದಲ್ಲಿಂದಲೇ ನೋಡುತ್ತಿದ್ದ. ಮೂರನೆಯ ದಿನ ದೊಡ್ಡವ್ವ ನನ್ನ ತಾಟಿನಿಂದ ರೊಟ್ಟಿ ತೆಗೆದಳು.

"ದೊಡ್ಡವ್ವ, ನನಗ ನಾಲ್ಕೂ ಸರಿ ಅದಾವಲ್ಲ, ಎರಡು ಕೈ ಎರಡು ಕಾಲು" ಎಂದೆ.

"ಅವನ ಮುಂದ ಕುಂತು ಗುಬ್ಬಗುಬ್ಬ ತಿನ್ನಾಕ ನಾಚಿಕಿ ಬರೂದಿಲ್ಲೇನು? ಅವ ಇಳಿಯೂ ತನಕಾ ಎಲ್ಲಾರೂ ಇಳೀರಿ."

ಒಂದು ತಿಂಗಳಲ್ಲಿ ನನ್ನ ಕೋಟು ಗೂಟಕ್ಕೆ ನೇತುಹಾಕಿದ ಹಾಗೆ ಕಾಣತೊಡಗಿತು. ಹೆಡ್ ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ನಾಯಿಗೆ ಡಾಕ್ಟರರು ಪಥ್ಯ ಹೇಳಿದ್ದಾರೆ ಎಂದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ಅಂದಿನಿಂದ ನನಗೆ ದಿನಾ ಅವರ ಡಬ್ಬಿಯಿಂದ ಒಂದು ಚಪಾತಿ ಸಿಗತೊಡಗಿತು. ಬಗ್ಗಿ ಉಣ್ಣಲು ಹೋದರೆ ಫೌಜದಾರ ಮುಗ್ಗರಿಸುತ್ತಾನೆಂದು ಅವನ ತಾಟನ್ನು ಎತ್ತರದಲ್ಲಿ ಇಡಬೇಕಾಯಿತು. ಅದಕ್ಕೆ ಸರಿಯಾದ ಎತ್ತರದ ವಸ್ತು ಇಡೀ ಮನೆಯಲ್ಲಿ ಒಂದೇ ಇತ್ತು, ನನ್ನ ಟ್ರಂಕು. ಅದರೊಳಗಿನ ನನ್ನ ಅಂಗಿಗಳು ನಾನು ಆ ಮನೆ ಬಿಡುವವರೆಗೂ ಮಜ್ಜಿಗೆ ವಾಸನೆ ಹೊಡೆದವು.

ನಡಿಗೆ ಕಲಿಸುವುದು ಎಲ್ಲಕ್ಕಿಂತ ದೊಡ್ಡ ಕೆಲಸ. ದೊಡ್ಡವ್ವ ತನ್ನ ಇಳಕಲ್ ಸೀರೆಯೊಂದನ್ನು ನಾಲ್ಕು ಮಡಿಕೆ ಮಾಡಿ, ನಾಯಿಯ ಎದೆಯ ಕೆಳಗೆ ಜೋಲಿಯಂತೆ ಹಾಯಿಸಿದಳು. ಒಂದು ತುದಿ ಆಕೆಯ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಮುಂಜಾನೆ ಪೇಟೆ ತೆರೆಯುವ ಹೊತ್ತಿಗೆ ನಮ್ಮ ಮೆರವಣಿಗೆ ಹೊರಡುತ್ತಿತ್ತು. ಕೆಂಪು ದಡಿಯ ಸೀರೆ ಉಟ್ಟ ಫೌಜದಾರ ನಡುವೆ ಜಿಗಿಯುತ್ತಿದ್ದ. ಮೊದಲ ವಾರ ಅವನ ಭಾರವೆಲ್ಲ ನಮ್ಮ ಮೇಲೆ. ದೊಡ್ಡವ್ವ ದಿನದಿನಕ್ಕೂ ಬಟ್ಟೆಯನ್ನು ಒಂದು ಬೆರಳಷ್ಟು ಸಡಿಲ ಬಿಡುತ್ತಿದ್ದಳು. ನಾನು ಬಿಗಿ ಹಿಡಿದರೆ ಗುರುತಿಸಿ ಬೈಯುತ್ತಿದ್ದಳು. ಮೂರನೆಯ ವಾರ ನೋಡಿದರೆ ಸೀರೆ ಅವನ ಹೊಟ್ಟೆಯ ಕೆಳಗೆ ಸುಮ್ಮನೆ ಜೋತಾಡುತ್ತಿತ್ತು, ಅವನು ತಾನಾಗಿಯೇ ಹೊರಟಿದ್ದ. ಅದು ಅವನಿಗೆ ಗೊತ್ತಿರಲಿಲ್ಲ. "ಹೇಳಬ್ಯಾಡ" ಎಂದಳು ದೊಡ್ಡವ್ವ ಪಿಸುದನಿಯಲ್ಲಿ, ನಾಯಿಗೆ ಕನ್ನಡ ಬರುತ್ತದೆಯೆಂಬಂತೆ.

ಒಂದು ಕಷ್ಟ ಮಾತ್ರ ಉಳಿದಿತ್ತು, ಅದನ್ನು ಹೇಗೆ ಹೇಳಲಿ? ಗಂಡುನಾಯಿ ಕಲ್ಲು ಕಂಡಲ್ಲಿ ಹಿಂಗಾಲು ಎತ್ತುವುದು ರೂಢಿಯಲ್ಲವೇ? ಬಲಗಡೆ ಮುಂಗಾಲಿಲ್ಲದ ಫೌಜದಾರ ಬಲಗಡೆಯ ಹಿಂಗಾಲನ್ನೂ ಎತ್ತಿದರೆ ಏನಾಗಬೇಕೋ ಅದೇ ಆಗುತ್ತಿತ್ತು, ಪಕ್ಕಕ್ಕೆ ಉರುಳುತ್ತಿದ್ದ. ಮಾನವಂತ ಮನೆತನದ ಹೆಂಗಸಾದ ದೊಡ್ಡವ್ವ ಆ ಹೊತ್ತಿಗೆ ಮುಖ ತಿರುಗಿಸಿ ನಿಂತು, "ಮಾಸ್ತರ, ಹಿಡಿ ಅವನ್ನ" ಎನ್ನುತ್ತಿದ್ದಳು. ಪುಣೆ ರಸ್ತೆಯ ಮೈಲುಗಲ್ಲಿನ ಪಕ್ಕದಲ್ಲಿ ಕೋಟು, ಟೋಪಿ ಹಾಕಿಕೊಂಡ ಸರಕಾರಿ ಮಾಸ್ತರನೊಬ್ಬ ನಾಯಿಯ ಭುಜ ಹಿಡಿದು ಆಕಾಶ ನೋಡುತ್ತ ನಿಲ್ಲುತ್ತಿದ್ದ. ಶಾಲೆಗೆ ಹೊರಟ ನನ್ನ ಮೂರನೆಯ ಇಯತ್ತೆಯವರು ಸಾಲಾಗಿ ನಿಂತು, "ನಮಸ್ಕಾರ್ರಿ ಸರ" ಎನ್ನುತ್ತಿದ್ದರು. ಕೈಮುಗಿಯಲು ನನ್ನ ಕೈ ಖಾಲಿ ಇರುತ್ತಿರಲಿಲ್ಲ. ಎಡಗಾಲು ಎತ್ತಿದರೆ ಬೀಳುವುದಿಲ್ಲವೆಂಬುದನ್ನು ಫೌಜದಾರ ಹತ್ತು ದಿನದ ಮೇಲೆ ತಾನೇ ಕಂಡುಕೊಂಡ. ನನಗೆ ಬಿ.ಎ. ಪಾಸಾಗಿದ್ದರೂ ಅಷ್ಟು ಆನಂದವಾಗುತ್ತಿರಲಿಲ್ಲ.

ಬಲಗಿವಿ ಕೆರೆದುಕೊಳ್ಳುವುದು ಮಾತ್ರ ಅವನಿಗೆ ಕೊನೆಗೂ ಹೊಂದಲಿಲ್ಲ. ಕೂತಲ್ಲೇ ಬಲ ಹಿಂಗಾಲು ಗಾಳಿಯಲ್ಲಿ ಎರಡು ಸಲ ಆಡುತ್ತಿತ್ತು, ಮೈ ವಾಲುತ್ತಿತ್ತು, ನಿಲ್ಲಿಸಿಬಿಡುತ್ತಿದ್ದ. ದೊಡ್ಡವ್ವ ಅಂಗಡಿಯಲ್ಲಿ ಎಷ್ಟೇ ಗಿರಾಕಿಗಳಿರಲಿ, ಅದೊಂದನ್ನು ಕಂಡರೆ ತಕ್ಕಡಿ ಬಿಟ್ಟು ಎದ್ದು ಬಂದು ಆ ಕಿವಿಯನ್ನು ಕೆರೆಯುತ್ತಿದ್ದಳು. "ಇಲ್ಲಂದ್ರ ದಿನಪೂರ್ತಿ ಗೋಳು ಇದರದು" ಎಂದು ಗಿರಾಕಿಗಳಿಗೆ ಹೇಳಿ ಮತ್ತೆ ತಕ್ಕಡಿ ಹಿಡಿಯುತ್ತಿದ್ದಳು.

ರೊಟ್ಟಿ ಹುಗಿಯುವ ಪ್ರಸಂಗವೂ ಆಗಲೇ ನಡೆದದ್ದು. ನಮ್ಮದು ಲಿಂಗವಂತರ ಮನೆ, ಎಲುಬು ಎಲ್ಲಿಂದ ಬರಬೇಕು? ಫೌಜದಾರ ಮೊದಲಿನಿಂದಲೂ ಖಡಕ್ ರೊಟ್ಟಿಯನ್ನೇ ಹಿತ್ತಲಲ್ಲಿ ಹುಗಿದಿಡುತ್ತಿದ್ದ. ಈಗ ಒಂದೇ ಮುಂಗಾಲಿನಿಂದ ನೆಲ ಕೆದರಲು ಬಾರದೆ, ಬಾಯಲ್ಲಿ ರೊಟ್ಟಿ ಹಿಡಿದು ಹಿತ್ತಲ ತುಂಬ ತಿರುಗಿ ತಿರುಗಿ ಮುಲುಗುತ್ತಿದ್ದ. ದೊಡ್ಡವ್ವ ಸಲಿಕೆ ತೆಗೆದುಕೊಂಡು ಹೋಗಿ ಅವನು ನಿಂತಲ್ಲಿ ಕುಣಿ ತೋಡಿಕೊಟ್ಟಳು. ಅವನು ರೊಟ್ಟಿ ಇಟ್ಟು ಮೂಗಿನಿಂದ ಮಣ್ಣು ತಳ್ಳಿದ. ಇದು ದಿನದ ಪಾಠವಾಯಿತು. ಬೇಲಿಯ ಆಚೆಯಿಂದ ನೋಡಿದ ಗೌರವ್ವನಿಗೆ ಕಂಡದ್ದು ಇಷ್ಟೇ: ದೊಡ್ಡವ್ವ ದಿನಾ ಮಧ್ಯಾಹ್ನ ಸುತ್ತಮುತ್ತ ನೋಡಿ, ಹಿತ್ತಲಲ್ಲಿ ಕುಣಿ ತೋಡಿ ಏನನ್ನೋ ಹುಗಿಯುತ್ತಾಳೆ, ಅದಕ್ಕೆ ನಾಯಿಯನ್ನು ಕಾವಲಿಟ್ಟಿದ್ದಾಳೆ.

ಒಂದು ರವಿವಾರ ನಾವು ನಡಿಗೆಯಿಂದ ಬರುವುದು ತಡವಾಗಿ ಮಧ್ಯಾಹ್ನವಾಯಿತು. ಬಂದು ನೋಡಿದರೆ ಗೌರವ್ವ ಹಿತ್ತಲಲ್ಲಿ ಕುಡುಗೋಲು ಹಿಡಿದು, ಸೆರಗಿನ ತುಂಬ ಮಣ್ಣುಗೂಡಿದ ರೊಟ್ಟಿಗಳನ್ನು ಕಟ್ಟಿಕೊಂಡು, ದಿಕ್ಕು ತೋಚದೆ ಕೂತಿದ್ದಳು. ಇಪ್ಪತ್ತಕ್ಕೆ ಕಡಿಮೆಯಿಲ್ಲ.

ದೊಡ್ಡವ್ವ ಆಕೆಯನ್ನು ಮೇಲಿನಿಂದ ಕೆಳಗೆ ನೋಡಿದಳು. "ಗೌರವ್ವ, ಹಸಿವಿ ಆಗಿದ್ರ ಮುಂದಿನ ಬಾಗಲದಿಂದ ಬರಬೇಕಾಗಿತ್ತು. ಬಿಸಿ ರೊಟ್ಟಿ ಕೊಡ್ತಿದ್ದೆ."

ಅಂದು ಗೌರವ್ವನೇ ಕೂತು ಅಷ್ಟೂ ರೊಟ್ಟಿಗಳನ್ನು ಮತ್ತೆ ಹುಗಿದಳು. ಫೌಜದಾರ ಪಕ್ಕದಲ್ಲಿ ನಿಂತು ಒಂದೊಂದನ್ನೂ ಮೂಸಿ ಖಾತ್ರಿ ಮಾಡಿಕೊಂಡ.

ಇಷ್ಟೆಲ್ಲ ಆದರೂ ಒಂದು ಉಳಿದುಕೊಂಡಿತ್ತು. ನಮ್ಮ ಮನೆಯ ಕಟ್ಟೆ ಎತ್ತರ. ರಸ್ತೆಯಿಂದ ಏಳು ಕಲ್ಲಿನ ಪಾವಟಿಗೆ ಏರಬೇಕು. ಫೌಜದಾರ ಸಪಾಟು ನೆಲದ ಮೇಲೆ ಸರಾಗ ಜಿಗಿಯುತ್ತಿದ್ದ, ಪಾವಟಿಗೆಯ ಬುಡಕ್ಕೆ ಬಂದರೆ ಕುಳಿತುಬಿಡುತ್ತಿದ್ದ. ನಾನು ಜೋಳದ ಚೀಲ ಹೊತ್ತ ಹಾಗೆ ಅವನನ್ನು ಹೊತ್ತು ಮೇಲೆ ತರುತ್ತಿದ್ದೆ. ಒಂದು ಸಂಜೆ ಹೀಗೆ ಹೊರಲು ಬಗ್ಗಿದಾಗ ದೊಡ್ಡವ್ವ ಮೇಲಿನಿಂದ, "ಬಿಡು" ಎಂದಳು.

"ಬಿಟ್ರ ಇಲ್ಲೇ ಕೂಡ್ತಾನ ದೊಡ್ಡವ್ವ."

"ಕೂಡಲಿ. ಇವತ್ತಿನಿಂದ ಯಾರೂ ಎತ್ತೂದಿಲ್ಲ ಅವನ್ನ."

ಹೇಳಿ, ಮೇಲಿನ ಪಾವಟಿಗೆಯ ಮೇಲೆ ಕುಳಿತಳು. ಫೌಜದಾರ ಕೆಳಗೆ ಕುಳಿತ. ನಾನು ಇಬ್ಬರ ನಡುವೆ ಬದಿಯ ಕಟ್ಟೆಯ ಮೇಲೆ ಕುಳಿತೆ. ಅವನು ಆಕೆಯನ್ನು ನೋಡಿದ, ನನ್ನನ್ನು ನೋಡಿದ, ಬಾಲ ಅಲ್ಲಾಡಿಸಿದ. ನಮ್ಮಲ್ಲಿ ಯಾರೂ ಏಳಲಿಲ್ಲ. ಆಗ ಮುಲುಗತೊಡಗಿದ. ಅರ್ಧ ತಾಸಿನಲ್ಲಿ ಓಣಿಯ ಮಂದಿಯೆಲ್ಲ ಸೇರಿದರು. ಅಷ್ಟು ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿ, ಬೇಸಿಗೆಯ ಅಡ್ಡಮಳೆಯ ದಪ್ಪ ಹನಿ ಬೀಳತೊಡಗಿತು. ಮಂದಿ ಕಟ್ಟೆಗಳ ಮೇಲೆ, ಬಾಗಿಲುಗಳಲ್ಲಿ ಸರಿದು ನಿಂತರು.

"ಏನು ಕಲ್ಲೆದಿ ನಿಂದು, ಅದನ್ನ ಮಳ್ಯಾಗ ಬಿಟ್ಟು ಕುಂತಿಯಲ್ಲ" ಎಂದಳು ಗೌರವ್ವ ತನ್ನ ಬಾಗಿಲಿನಿಂದ.

ದೊಡ್ಡವ್ವ ಒಳಗೆ ಹೋಗಲಿಲ್ಲ. ಸೆರಗು ತಲೆಗೆ ಅಂಟಿ, ನೀರು ಮೂಗಿನಿಂದ ಇಳಿಯುತ್ತಿದ್ದರೂ ನಾಯಿಯ ಮೇಲಿನ ಕಣ್ಣು ತೆಗೆಯದೆ ಕುಳಿತಳು. ಗುಡುಗು ಹೊಡೆಯಿತು. ಫೌಜದಾರ ಎದ್ದ. ಒಂಟಿ ಮುಂಗಾಲನ್ನು ಮೊದಲನೆಯ ಪಾವಟಿಗೆಯ ಮೇಲಿಟ್ಟು, ಹಿಂಗಾಲು ಕುಗ್ಗಿಸಿ ಜಿಗಿದ. ಎರಡು. ಮೂರು. ನಾಲ್ಕನೆಯದರ ಮೇಲೆ ಒದ್ದೆ ಕಲ್ಲಿಗೆ ಕಾಲು ಜಾರಿ, ಎದೆ ಅಂಚಿಗೆ ಬಡಿದು ಬಿದ್ದ. ನಾನು ದಿಗ್ಗನೆ ಎದ್ದೆ.

"ಕೂಡು" ಎಂದಳು ದೊಡ್ಡವ್ವ. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಕುಳಿತೆ.

ಅವನು ಐದನೆಯ ಪಾವಟಿಗೆಯ ಮೇಲೆ ಗದ್ದವಿಟ್ಟು ಮಲಗಿಯೇ ಇದ್ದ. ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ಓಣಿಯಲ್ಲಿ ಮಳೆಯ ಸದ್ದೊಂದೇ. ಎಷ್ಟೋ ಹೊತ್ತಾದ ಮೇಲೆ ಮೆಲ್ಲಗೆ ಹಿಂಗಾಲುಗಳನ್ನು ಮೈಯಡಿಗೆ ಎಳೆದುಕೊಂಡ. ಮುಂಗಾಲು ಊರಿದ. ಆಮೇಲಿನ ಮೂರು ಪಾವಟಿಗೆ ಹೇಗೆ ಏರಿದನೆಂದು ಸರಿಯಾಗಿ ಕಂಡವರಿಲ್ಲ. ಒಂದೇ ನೆಗೆತ ಎಂದು ಗೌರವ್ವ ಇವತ್ತಿಗೂ ಹೇಳುತ್ತಾಳೆ. ಮೇಲೆ ನಿಂತು ಮೈ ಒದರಿದ. ಓಣಿಗೆ ಓಣಿಯೇ ಹೋ ಎಂದಿತು.

ದೊಡ್ಡವ್ವ ಅವನನ್ನು ಮುಟ್ಟಲೂ ಇಲ್ಲ. ಎದ್ದು ಒಳಗೆ ಹೋದಳು.

ನಾನು ಒಣ ಪಂಚೆಯೊಂದನ್ನು ಹಿಡಿದು ಹಿಂದೆ ಹೋದೆ. ಕಾಳು ತುಂಬಿಡುವ ಕೋಣೆಯಲ್ಲಿ, ಜೋಳದ ಚೀಲದ ಮೇಲೆ, ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಸೀರೆಯಿಂದ ನೀರು ಇಳಿದು ಚೀಲ ತೊಯ್ಯುತ್ತಿತ್ತು. ಅಳುತ್ತಿದ್ದಾಳೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾರರ ಕೈ ಹಚ್ಚಿದ್ರೇನು ಅವಂಗ?" ಎಂದಳು ತಿರುಗದೆ.

"ಇಲ್ಲ ದೊಡ್ಡವ್ವ. ತಾನ ಬಂದ."

"ನಿಮ್ಮ ದೊಡ್ಡಪ್ಪಗ ಕಾಲು ಬಿದ್ದಿತ್ತಲ್ಲ" ಎಂದಳು.

ದೊಡ್ಡಪ್ಪನನ್ನು ನಾನು ಸರಿಯಾಗಿ ಕಂಡವನಲ್ಲ. ನಾನು ಚಿಕ್ಕವನಿದ್ದಾಗ ಅವರಿಗೆ ಲಕ್ವಾ ಹೊಡೆದು, ಮೂರು ವರ್ಷ ಹಾಸಿಗೆಯಲ್ಲೇ ಇದ್ದು ತೀರಿಕೊಂಡರೆಂದು ಕೇಳಿದ್ದೆ. ಆ ಮೂರು ವರ್ಷ ದೊಡ್ಡವ್ವ ಮಾಡಿದ ಸೇವೆಯನ್ನು ನಮ್ಮ ಬಳಗದಲ್ಲಿ ಮದುವೆಯಾಗುವ ಹುಡುಗಿಯರಿಗೆ ಇವತ್ತಿಗೂ ಹೇಳುತ್ತಾರೆ.

"ಎಲ್ಲಾರೂ ಹೊಗಳ್ತಾರ ನನ್ನ" ಎಂದಳು. "ನೀರಿನ ತಂಬಗಿ ಸುದ್ದಾ ಅವರ ಕೈಯಾಗ ಕೊಡಲಿಲ್ಲ ನಾ. ಬಾಯಿಗೇ ಹಿಡದೆ. ಒಂದು ದಿವಸ ಗ್ವಾಡಿ ಹಿಡಕೊಂಡು ಏಳತೇನಿ ಅಂದ್ರು. ಅರ್ಧಾ ಎದ್ದಿದ್ರು ಮಾಸ್ತರ, ನಾ ಕಣ್ಣಿಲೆ ನೋಡೇನಿ. ಓಡಿ ಹೋಗಿ ಹಿಡದು ಕುಂಡ್ರಿಸಿದೆ. ಬ್ಯಾಡ್ರಿ, ಬೀಳ್ತೀರಿ ಅಂದೆ. ಆಮ್ಯಾಲ ಅವರು ಏಳತೇನಿ ಅನ್ನಲೇ ಇಲ್ಲ."

ಹೊರಗೆ ಮಳೆ ಸಣ್ಣದಾಗಿತ್ತು. ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ಸೆರಗೂ ಒದ್ದೆಯೇ, ಮುಖ ಒಣಗಲಿಲ್ಲ.

"ಬಿದ್ರ ಬೀಳ್ತಿದ್ರು. ಅಲ್ಲೇನು?"

ನಾನು ಪಂಚೆ ಹಿಡಿದು ಅಲ್ಲೇ ನಿಂತಿದ್ದೆ.

ಆ ಹೊತ್ತಿಗೆ ಪಡಸಾಲೆಯ ಗೋಣಿತಟ್ಟಿನ ಮೇಲೆ ಧಪ್, ಧಪ್ ಎಂದು ಮೂರು ಕಾಲಿನ ಸದ್ದಾಯಿತು. ಫೌಜದಾರ ಕೋಣೆಯ ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದ, ಒಳಗೆ ಬಂದು ಆಕೆಯ ಮುಂದೆ ಕುಳಿತ. ದೊಡ್ಡವ್ವ ನನ್ನ ಕೈಯಿಂದ ಒಣ ಪಂಚೆ ತೆಗೆದುಕೊಂಡಳು. ಅವನ ತಲೆ ಒರೆಸಿದಳು, ಬೆನ್ನು ಒರೆಸಿದಳು, ಇದ್ದ ಮೂರು ಕಾಲುಗಳನ್ನು ಒಂದೊಂದಾಗಿ ಎತ್ತಿ ಬೆರಳು ಸಂದಿಯ ನೀರು ತೆಗೆದಳು. ಕಡೆಗೆ, ಕಾಲು ಇಲ್ಲದ ಜಾಗದ ಮೇಲೆ ಪಂಚೆಯಿಟ್ಟು, ಅಲ್ಲಿ ಒದ್ದೆ ಆರಿದ ಮೇಲೂ, ಬಹಳ ಹೊತ್ತು ಒರೆಸುತ್ತ ಕುಳಿತಳು.